ಒರೆ ಇಲ್ಲದ ಕತ್ತಿ, ಕತ್ತಿ ಇಲ್ಲದ ಒರೆ

ನಾಸಿಕಕ್ಕೆ ಹೆಸರು ಬಂದದ್ದೇ ಒಂದು ಕತ್ತಿಯಿಂದ. ಪಂಚವಟಿಯಲ್ಲಿ ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಊರಿದು, ನಾಸಿಕ ಎಂದರೆ ಮೂಗು ಎಂದು ಇಲ್ಲಿನ ರಿಕ್ಷಾದವರೂ ಹೇಳುತ್ತಾರೆ. ಇದೇ ಊರಿನಲ್ಲಿ ಒಂಬತ್ತು ವರ್ಷದಿಂದ ಲ್ಯಾಪ್‌ಟಾಪ್ ಕುಟ್ಟುತ್ತಿರುವ ನಾನು ಒಂದು ಕತ್ತಿ ಮಾಡಿಸಿ, ಮಾರಿ, ಅದರ ಒರೆಗಾಗಿ ಛತ್ರಪತಿ ಸಂಭಾಜಿನಗರದವರೆಗೆ ಹೋಗಿ ಬಂದ ಕಥೆ ಇದು.

ಶುರುವಾದದ್ದು ಸಿನ್ನರ್ ರಸ್ತೆಯ ಬದಿಯಲ್ಲಿ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಘಿಸಾಡಿ ಕುಟುಂಬ ತಾಡಪತ್ರಿ ಕಟ್ಟಿ ನೆಲದಲ್ಲೇ ಕುಲುಮೆ ಹೂಡಿತ್ತು. ಊರೂರು ಅಲೆಯುವ ಈ ಕಮ್ಮಾರರನ್ನು ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಬಲ್ಲರು. ಗಂಡ ಇಕ್ಕಳದಲ್ಲಿ ಕೆಂಪಗೆ ಕಾದ ಪಟ್ಟಿ ಹಿಡಿದಿದ್ದ. ಹೆಂಡತಿ ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿ ಬಡಿಯುತ್ತಿದ್ದಳು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದುದು ಅವಳ ಕಿವಿಗೆ ಬಿದ್ದಿರಬೇಕು. ಸುತ್ತಿಗೆ ಇಳಿಸಿ, "ಯಾವೂರು ಅಣ್ಣಾ ನಿಂದು?" ಎಂದಳು. ಸಾಗರ ಎಂದೆ. ಅವಳಿಗೆ ಸಾಗರ ಗೊತ್ತಿಲ್ಲ, ಆದರೆ ಇಂಡಿ ಗೊತ್ತು, ಸಿಂದಗಿ ಗೊತ್ತು. ಚಿಕ್ಕವಳಿದ್ದಾಗ ಅಲ್ಲೆಲ್ಲ ಬಿಡಾರ ಹೂಡಿದ್ದರಂತೆ.

ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಏಳು ಇಂಚಿನ ಕತ್ತಿ ಬೇಕೆಂದೆ. ಗುಜರಿಯಲ್ಲಿ ತೂಕಕ್ಕೆ ಸಿಗುವ ಆ ಉಕ್ಕಿನಲ್ಲಿ ಹದ ಹಿಡಿಯುವಷ್ಟು ಇಂಗಾಲವಿರುತ್ತದೆ. ಸರಿಯಾಗಿ ಕಾದ ಉಕ್ಕಿಗೆ ಆಯಸ್ಕಾಂತ ಅಂಟುವುದಿಲ್ಲ ಎಂದು ಓದಿಕೊಂಡು ಒಂದು ಆಯಸ್ಕಾಂತವನ್ನೂ ಒಯ್ದಿದ್ದೆ. ಅವಳು ನಕ್ಕಳು. ಬಣ್ಣ ನೋಡಿಯೇ ಹೊರತೆಗೆದು ಬಾಯಿಯ ಅಂಚನ್ನಷ್ಟೇ ನೀರಿಗೆ ಅದ್ದಿದಳು. "ಬಾಯಿಗಷ್ಟ ನೀರು ಕುಡಿಸ್ಬೇಕು. ಬೆನ್ನಿಗೂ ಕುಡಿಸಿದ್ರ ಮುರೀತೈತಿ." ಕೂಲಿ 300 ರೂಪಾಯಿ ಕೇಳಿದಳು. ಚೌಕಾಸಿ ಮಾಡದೆ ಕೊಟ್ಟೆನೆಂದು ಆ ದಿನ ನನಗೇ ನನ್ನ ಮೇಲೆ ಮೆಚ್ಚುಗೆ.

ಅರ ಹಿಡಿದು ಉಜ್ಜಿ, ಜಾಲಿಮರದ ಹಿಡಿ ಕೂರಿಸಲು ನನಗೆ ಮೂರು ವಾರಾಂತ್ಯ ಹಿಡಿಯಿತು. ಮನೆಗೆ ದ್ರಾಕ್ಷಿ ತಂದುಕೊಡುವ ನಿಫಾಡ್ ಕಡೆಯ ರೈತರೊಬ್ಬರು ಅದನ್ನು ಕೈಯಲ್ಲಿ ತೂಗಿ ನೋಡಿ, "ಸಾಹೇಬ, ಇದನ್ನು ನನಗೆ ಕೊಡಿ" ಎಂದರು. ಒರೆ ಸಮೇತ 1,500 ರೂಪಾಯಿಗೆ ಮಾತಾಯಿತು.

ಕತ್ತಿ ಮಾರುವ ಮೊದಲು ಕಾನೂನು ನೋಡಿಕೊಂಡೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಸಾಲಿಗೆ ಸೇರುತ್ತದೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ್ದಕ್ಕೆ ವಿನಾಯಿತಿಯಿದೆ. ನನ್ನದು ಏಳು ಇಂಚು ಉದ್ದ, ಒಂದೂವರೆ ಇಂಚು ಅಗಲ.

ಇನ್ನು ಒರೆ. ನಮ್ಮಲ್ಲಿ ಇದಕ್ಕೆ ಎಷ್ಟೊಂದು ದಾರಿ! ಕೊಡವರ ಪೀಚೆಕತ್ತಿ ಬೆಳ್ಳಿಯ ಕಟ್ಟಿನ ಒರೆಯಲ್ಲಿ ಸೊಂಟದ ಮುಂದೆ ಕೂರುತ್ತದೆ. ಅವರದೇ ಅಗಲ ಒಡಿಕತ್ತಿಗೆ ಒರೆಯೇ ಇಲ್ಲ, ಬೆನ್ನ ಹಿಂದಿನ ತೊಡಂಗಿಗೆ ಸಿಕ್ಕಿಸುತ್ತಾರೆ. ನನ್ನಜ್ಜ ತೋಟಕ್ಕೆ ಹೋಗುವಾಗ ಕತ್ತಿಯನ್ನು ಸೊಂಟಕ್ಕೆ ಕಟ್ಟಿದ ಮರದ ಕೊಕ್ಕೆಗೆ ನೇತುಹಾಕುತ್ತಿದ್ದ. ಈಗಿನವರು ಬಿಸಿ ಮಾಡಿ ಬಗ್ಗಿಸುವ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ನಾನು ಚರ್ಮವನ್ನೇ ಆರಿಸಿಕೊಂಡೆ. ನಿಜ ಹೇಳಬೇಕೆಂದರೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದೇ ಕಾರಣ.

ಸಂಭಾಜಿನಗರದಲ್ಲಿ ಒಳ್ಳೆಯ ಚರ್ಮದ ಕೆಲಸಗಾರರೊಬ್ಬರಿದ್ದಾರೆ ಎಂದು ಸಹೋದ್ಯೋಗಿ ಹೇಳಿದ್ದ. ಕತ್ತಿಯನ್ನು ರಟ್ಟಿನಲ್ಲಿ ಸುತ್ತಿ, ಬ್ಯಾಗಿನ ತಳದಲ್ಲಿಟ್ಟು, ಎಸ್‌ಟಿ ಬಸ್ಸು ಹತ್ತಿದೆ. ನಿಫಾಡ್‌ವರೆಗೆ ಎರಡೂ ಕಡೆ ದ್ರಾಕ್ಷಿ ತೋಟ. ಪೈಠಣಿ ಸೀರೆಯ ಯೇವಲಾ ದಾಟಿದ ಮೇಲೆ ಹಸಿರು ತೆಳುವಾಗುತ್ತದೆ, ವೈಜಾಪುರದ ಹೊತ್ತಿಗೆ ಮರಾಠವಾಡದ ಬಯಲು ತೆರೆದುಕೊಳ್ಳುತ್ತದೆ.

ಗುಲ್‌ಮಂಡಿಯ ಹಿಂದಿನ ಗಲ್ಲಿಯೊಂದರಲ್ಲಿ ಇಬ್ಬರು ಕೂತರೆ ತುಂಬಿಹೋಗುವ ಅಂಗಡಿ. ಕಾಕಾ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ ಎರಡು ತುಂಡು ಚರ್ಮ ಮುಂದಿಟ್ಟರು. ಒಂದು ಮೆತ್ತಗೆ, ಕ್ರೋಮಿನಲ್ಲಿ ಹದ ಮಾಡಿದ್ದು. "ಇದರಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಅಲಗು ತುಕ್ಕು ಹಿಡಿಯುತ್ತದೆ." ಇನ್ನೊಂದು ಗಟ್ಟಿ, ಕಂದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆಯ ಚರ್ಮ, ಕೊಲ್ಹಾಪುರಿ ಚಪ್ಪಲಿಯದೂ, ನಮ್ಮ ಅಥಣಿ, ನಿಪ್ಪಾಣಿಯ ಚಪ್ಪಲಿಯದೂ ಇದೇ ಹದ. 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದ ಮೇಲೆ ತಮ್ಮ ಕೈಗೆ ಬರುವುದು ಹೆಚ್ಚಾಗಿ ಎಮ್ಮೆಯ ಚರ್ಮವೇ ಎಂದರು. ಹಿಡಿ ಜಾಲಿಯದು, ಚರ್ಮ ಜಾಲಿಯ ತೊಗಟೆಯದು. ನನಗೆ ಖುಷಿಯಾಯಿತು. 600 ರೂಪಾಯಿ ಎಂದರು. ನಾಳೆ ಸಂಜೆ ಬಾ, ಕತ್ತಿ ಇಲ್ಲೇ ಇರಲಿ ಎಂದರು.

ಮರುದಿನ ವೇರೂಳಕ್ಕೆ, ಅಂದರೆ ಎಲ್ಲೋರಕ್ಕೆ ಹೋದೆ. ನಗರದಿಂದ ಸುಮಾರು 30 ಕಿಲೋಮೀಟರ್. ಮಂಗಳವಾರ ರಜೆ, ನೆನಪಿರಲಿ. ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡಿದಾಗ ಕತ್ತಿ ಬಿಟ್ಟುಬಂದದ್ದು ಒಳ್ಳೆಯದಾಯಿತು ಅನ್ನಿಸಿತು. ಎಂಟನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ ಕೈಲಾಸ ದೇವಾಲಯದ ಮುಂದೆ ಎಲ್ಲ ಕನ್ನಡಿಗರಂತೆ ನನ್ನ ಎದೆಯೂ ಉಬ್ಬಿತು. ಆದರೆ ಆ ಸಲ ಕಣ್ಣು ಹೋದದ್ದು ಗೋಡೆಯ ಮೇಲಿನ ಉಳಿಯ ಗೀರುಗಳ ಕಡೆಗೆ. ಬಸಾಲ್ಟ್ ಕಲ್ಲಿಗೆ ಉಳಿ ಬೇಗ ಮೊಂಡಾಗುತ್ತದೆ. ದಿನವೂ ಆ ಉಳಿಗಳನ್ನು ಕಾಯಿಸಿ, ಬಡಿದು, ನೀರು ಕುಡಿಸಿದವರು ಇಲ್ಲೇ ಎಲ್ಲೋ ಕೂತಿದ್ದಿರಬೇಕು. ಸಿನ್ನರ್ ರಸ್ತೆಯ ಆ ಹೆಂಗಸಿನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ ಎಂಬುದು ಅಲ್ಲಿ ನೆನಪಾಯಿತು.

ಸಂಜೆ ಒರೆ ಸಿದ್ಧವಿತ್ತು. ಅಲಗು ಹೊಲಿಗೆಯನ್ನು ಕೊಯ್ಯದ ಹಾಗೆ ಎರಡು ಪದರದ ನಡುವೆ ಇನ್ನೊಂದು ಚರ್ಮದ ಪಟ್ಟಿ ಕೊಟ್ಟು, ಮೇಣದ ದಾರದಲ್ಲಿ ಹೊಲಿದಿದ್ದರು. "ಬಹಳ ದಿನ ಒರೆಯಲ್ಲೇ ಇಡಬೇಡ. ಚರ್ಮ ತೇವ ಹಿಡಿಯುತ್ತದೆ" ಎಂದೂ ಹೇಳಿ ಕಳಿಸಿದರು.

ಅಕ್ಟೋಬರಿನ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ ಆಗಷ್ಟೇ ಮುಗಿದಿತ್ತು. ನಿಫಾಡ್‌ನ ತೋಟಕ್ಕೆ ಹೋದಾಗ ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ಕಲಸುತ್ತಿದ್ದರು. ರೈತರು ಒರೆಯಿಂದ ಕತ್ತಿ ಎಳೆದು ಸೀದಾ ದ್ರಾವಣಕ್ಕೆ ಅದ್ದಿದರು! ನನ್ನ ಜೀವ ಹಾರಿತು. ಮರುಕ್ಷಣ ನಗು ಬಂತು. ಅಜ್ಜ ಅಡಿಕೆಗೆ ಕೊಳೆಮದ್ದು ಹೊಡೆಯುವಾಗ ಇದನ್ನೇ ಮಾಡುತ್ತಿದ್ದ. ಸುಣ್ಣ ಸಾಲದಿದ್ದರೆ ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಕೆಂಪಗೆ ಅಂಟುತ್ತದೆ. ಅಲಗು ಕೆಂಪಾಗಲಿಲ್ಲ. ಮದ್ದು ಸರಿಯಿತ್ತು.

ಒರೆಯನ್ನು ಮಾತ್ರ ಅವರು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. "ಛಂದ ಇದೆ ಸಾಹೇಬ. ಆದರೆ ದಿನಾ ಈ ನೀರು, ಈ ಮದ್ದು. ಇದು ನೆನೆದರೆ ಒಣಗೋದು ಯಾವಾಗ?" ಬಾವಿಯ ಹತ್ತಿರ ಬಿದ್ದಿದ್ದ ಪಿವಿಸಿ ಪೈಪಿನ ತುಂಡು ತಂದು, ಒಲೆಯ ಮೇಲೆ ಮೆತ್ತಗೆ ಮಾಡಿ, ಹಲಗೆಗಳ ನಡುವೆ ಚಪ್ಪಟೆಯಾಗಿ ಒತ್ತಿ, ಕೆಳಗೆ ನೀರು ಇಳಿಯಲು ತೂತು ಬಿಟ್ಟರು. ಹತ್ತು ನಿಮಿಷ. ಕತ್ತಿ ಅದರಲ್ಲಿ ಟಕ್ ಎಂದು ಕೂತಿತು. ಒರೆ ಯಾವುದಿರಬೇಕೆಂದು ಮೂರು ವಾರ ಯೋಚಿಸಿದ್ದೆ. ಕತ್ತಿ ಹಿಡಿಯುವವರನ್ನು ಒಂದು ಮಾತು ಕೇಳಿರಲಿಲ್ಲ. ಆದರೂ ಅವರು 1,500 ರೂಪಾಯಿಯನ್ನೇ ಎಣಿಸಿ ಕೊಟ್ಟರು.

ವಾಪಸ್ಸು ಬರುವಾಗ ಲೆಕ್ಕ ಹಾಕಿದೆ. ಒರೆಗೆ 600, ಕಬ್ಬಿಣಕ್ಕೆ ಜೀವ ಕೊಟ್ಟವಳಿಗೆ 300. ಉಳಿದದ್ದರಲ್ಲಿ ಅರ್ಧ ಅವಳಿಗೆ ಸೇರಬೇಕು ಅನ್ನಿಸಿ ಮರುದಿನವೇ ಸಿನ್ನರ್ ರಸ್ತೆಗೆ ಹೋದೆ. ತಾಡಪತ್ರಿ ಇರಲಿಲ್ಲ. ನೆಲದ ಮೇಲೆ ಕುಲುಮೆಯ ಕಪ್ಪು ಗುರುತು, ಒಂದಿಷ್ಟು ಇದ್ದಿಲ ಪುಡಿ. ಯಾವ ಕಡೆ ಹೋದರೆಂದು ಪಕ್ಕದ ಚಹಾದ ಗಾಡಿಯವನಿಗೂ ಗೊತ್ತಿರಲಿಲ್ಲ.

ಚರ್ಮದ ಒರೆ ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಪೆನ್ಸಿಲ್ ಇಡುತ್ತೇನೆ. 300 ರೂಪಾಯಿ ಒಂದು ಲಕೋಟೆಯಲ್ಲಿದೆ. ಇಂಡಿ, ಸಿಂದಗಿ ಕಡೆಯ ಓದುಗರೇ, ನಿಮ್ಮೂರ ರಸ್ತೆ ಬದಿಯಲ್ಲಿ ಘಿಸಾಡಿಗಳ ಕುಲುಮೆ ಕಂಡರೆ, ಸುತ್ತಿಗೆ ಎತ್ತುವ ಹೆಂಗಸು ಕನ್ನಡದಲ್ಲಿ ಊರು ಕೇಳಿದರೆ, ಆಯಸ್ಕಾಂತ ತಂದಿದ್ದ ನಾಸಿಕದ ಅಣ್ಣ ಹಣ ಕೊಡುವುದಿದೆ ಎಂದು ದಯವಿಟ್ಟು ಹೇಳಿ. ಅವಳ ಹೆಸರನ್ನೂ ಕೇಳಿಡಿ.