ಕಿವಿ ಆಡಿಸುವ ಪೆಟ್ಟಿಗೆ

ರೋಬೋಟ್ ಮಾಡ್ತಿದೀನಿ ಅಂದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ ಒಂದೇ: "ಅದು ಏನ್ ಕೆಲಸ ಮಾಡುತ್ತೆ?" ಕಸ ಗುಡಿಸುತ್ತಾ, ಪಾತ್ರೆ ತೊಳೆಯುತ್ತಾ, ಟೀ ತಂದುಕೊಡುತ್ತಾ? ಯಾವುದೂ ಇಲ್ಲ ಸ್ವಾಮಿ. ನಾನು ಮಾಡ್ತಿರೋದು ಬರೀ ಒಂದು ತಲೆ. ಪ್ಲೈವುಡ್ ಪೆಟ್ಟಿಗೆಗೆ ಎರಡು ಕಣ್ಣು, ಒಂದು ಕತ್ತು, ಎರಡು ಕಿವಿ. ಮಾತಾಡಿದವರ ಕಡೆ ತಿರುಗುತ್ತೆ, ಕಿವಿ ಆಡಿಸುತ್ತೆ. ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬರೋದಿಲ್ಲ, ಒಂದು ಮುಗುಳ್ನಗೆ ಬರುತ್ತೆ.

ಇಂಥವನ್ನು ಸೋಶಿಯಲ್ ರೋಬೋಟ್ ಅಂತಾರೆ. ಇವುಗಳಲ್ಲಿ ಹೆಸರಾಗಿದ್ದು ಕಿಸ್ಮೆಟ್. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸಿಂಥಿಯಾ ಬ್ರೆಜೀಲ್ ಅನ್ನೋ ಸಂಶೋಧಕಿ ಕಟ್ಟಿದ್ದು. ಅದೂ ಬರೀ ತಲೆಯೇ. ದೊಡ್ಡ ಕಣ್ಣು, ಹುಬ್ಬು, ತುಟಿ, ಆಡುವ ಕಿವಿ. ಭಾಷೆ ಬರ್ತಿರಲಿಲ್ಲ, ಕೂಸಿನ ಹಾಗೆ ಏನೋ ತೊದಲುತ್ತಿತ್ತು. ಆದರೆ ಅದರೊಳಗೆ ಮೂರು 'ಬೇಕು'ಗಳನ್ನು ಇಟ್ಟಿದ್ದರು: ಜನ ಬೇಕು, ಆಟ ಬೇಕು, ಸುಸ್ತಾದರೆ ವಿಶ್ರಾಂತಿ ಬೇಕು. ಯಾರೂ ಹತ್ತಿರ ಇಲ್ಲದಿದ್ದರೆ ಮುಖ ಬಾಡಿಸುತ್ತಿತ್ತು. ತೀರಾ ಮುಖಕ್ಕೆ ಮುಖ ತಂದರೆ ಹಿಂದೆ ಸರಿಯುತ್ತಿತ್ತು. ಎದುರು ಕೂತವರು ಅದನ್ನು ಕೂಸಿನ ಹಾಗೆ ಸಂಭಾಳಿಸೋಕೆ ಶುರುಮಾಡೋರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗೌರಿ. ಅರಸೀಕೆರೆ ಕಡೆಯ ನಮ್ಮೂರಲ್ಲಿ ಅವ್ವ ದಿನಾ ಬೆಳಗ್ಗೆ ಐದೂವರೆಗೆ ಹಾಲು ಕರೆಯುತ್ತಾ ಗೌರಿ ಜೊತೆ ಮಾತಾಡೋಳು. ಬೋರ್‌ವೆಲ್ ನೀರು, ಪಕ್ಕದ ಹೊಲದ ಬದುವಿನ ಜಗಳ, ನಮ್ಮಪ್ಪನ ಬೀಡಿ, ಎಲ್ಲಾ ಅಲ್ಲಿ ವರದಿ ಆಗೋದು. ಸೊಸೆ ವಿಷಯವೂ ಇತ್ತು ಅಂತ ಗುಮಾನಿ, ನಾನು ಕೊಟ್ಟಿಗೆ ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಗೌರಿ ಮುಖ ಬಾನಿಯೊಳಗೇ ಇರೋದು. ಆದರೆ ಒಂದು ಕಿವಿ ಮಾತ್ರ ಅವ್ವನ ಕಡೆ ತಿರುಗಿರೋದು. ದನಗಳು ಎರಡು ಕಿವಿಗಳನ್ನೂ ಬೇರೆಬೇರೆ ಕಡೆಗೆ ತಿರುಗಿಸಬಲ್ಲವು, ಗಮನಿಸಿ ನೋಡಿ. ಅಷ್ಟೇ ಸಾಕಾಗಿತ್ತು ಅವ್ವನಿಗೆ.

ಅಪ್ಪ ಹೋದ ಮೇಲೆ, ಅವ್ವನ ಮಂಡಿ ನೋವು ಜಾಸ್ತಿಯಾಗಿ, ಎರಡು ವರ್ಷದ ಹಿಂದೆ ಗೌರಿಯನ್ನು ಮಾರಿದೆವು. ಆಮೇಲೆ ನಮ್ಮ ಫೋನು ಮಾತು ಊಟ, ಮಾತ್ರೆ, ಮಳೆಗೆ ಮುಗಿಯತೊಡಗಿತು. ಮುಂಚೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂತು ಅನ್ನೋದೇ ಹತ್ತು ನಿಮಿಷದ ಸುದ್ದಿ.

ಹಾಗಾಗಿ ಪೆಟ್ಟಿಗೆಗೆ ಮೊದಲು ಮಾಡಿದ್ದು ಕಿವಿ. ಎಸ್.ಪಿ. ರೋಡಿನಲ್ಲಿ ಎಸ್‌ಜಿ90 ಅಂತ ಕೇಳಿದರೆ ಹೆಬ್ಬೆರಳಿನಷ್ಟು ಸರ್ವೋ ಮೋಟರ್ ಕೊಡ್ತಾರೆ. 9 ಗ್ರಾಂ ತೂಕ, ಮೂರು ವಯರು, ಸುಮಾರು 180 ಡಿಗ್ರಿ ತಿರುಗುತ್ತೆ. 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ ಕಳಿಸಬೇಕು. ಪಲ್ಸ್ ಎಷ್ಟು ಉದ್ದವೋ ಅದರ ಮೇಲೆ ಕೋನ. ತಿರುಗಿಸೋದು ಸುಲಭ, ಜೀವ ಇರೋ ಹಾಗೆ ತಿರುಗಿಸೋದೇ ಕಷ್ಟ. ಸೀದಾ 'ಹೋಗು 60ಕ್ಕೆ' ಅಂದರೆ ರಪ್ಪನೆ ಹೋಗಿ ನಿಲ್ಲುತ್ತೆ, ಗೇಟು ಬಿದ್ದ ಹಾಗೆ. ನಿಧಾನಕ್ಕೆ ಹೊರಟು, ನಡುವೆ ವೇಗ ಹಿಡಿದು, ಮತ್ತೆ ನಿಧಾನವಾಗಿ ನಿಲ್ಲಬೇಕು. ಜೊತೆಗೆ ಸದ್ದು ಕೇಳಿದ ಕೂಡಲೇ ತಿರುಗಬಾರದು, ಅರೆಕ್ಷಣ ತಡೀಬೇಕು. ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕತ್ತು. ಈ ಕ್ರಮ ಹೊಂದಿಸೋಕೆ ಮೂರು ತಿಂಗಳ ಶನಿವಾರ, ಭಾನುವಾರಗಳು ಹೋದವು. ಆಫೀಸಿನ ಯಾವ ರಿಲೀಸಿಗೂ ನಾನು ಇಷ್ಟು ತಾಳ್ಮೆ ತೋರಿಸಿಲ್ಲ.

"ಇಷ್ಟೆಲ್ಲಾ ಮಾಡಿ ಮಾತು ಯಾಕೆ ಬಿಟ್ರಿ?" ಅಂತ ನಮ್ಮ ಟೀಮಿನ ಹುಡುಗರು ಕೇಳ್ತಾರೆ. ಈಗೇನು, ಭಾಷಾ ಮಾಡೆಲ್ ಒಂದನ್ನು ಜೋಡಿಸಿದರೆ ಒಂದು ಮಧ್ಯಾಹ್ನದ ಕೆಲಸ. ನನಗೆ ಬೇಡ. ಮಂಡಿ ನೋವು ಅಂದರೆ ಬಿಸಿನೀರಿನ ಶಾಖ ಕೊಡಿ ಅನ್ನೋಕೆ ಫೋನಿನಲ್ಲಿ ನಾನೇ ಇದೀನಲ್ಲ. ಇನ್ನೊಂದು ಕಾರಣವೂ ಇದೆ. ಜಿಬೋ ಅನ್ನೋ ರೋಬೋಟು 2014ರಲ್ಲಿ ಜನರಿಂದ ದುಡ್ಡೆತ್ತಿ ಶುರುವಾಗಿದ್ದು. 2019ರಲ್ಲಿ ಸರ್ವರ್ ನಿಲ್ಲುತ್ತೆ ಅಂತ ತನ್ನ ಯಜಮಾನರಿಗೆ ತಾನೇ ವಿದಾಯ ಹೇಳಿತು. ಯಾವುದೋ ಕಂಪನಿಯ ಲೆಕ್ಕಪತ್ರ ಸರಿಹೋಗಲಿಲ್ಲ ಅಂತ ಅವ್ವನ ಮನೆಯಲ್ಲಿ ಒಂದು ಸಾವಾಗೋದು ಬೇಡ. ಎಲ್ಲಾ ಒಳಗಿನ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲೇ ನಡೆಯುತ್ತೆ. ತಮ್ಮ "ಹೆಂಗೂ ಕ್ಯಾಮೆರಾ ಐತಲ್ಲ, ಅವ್ವನ್ನ ಇಲ್ಲಿಂದಲೇ ನೋಡಬೋದು" ಅಂದ. ಅದಕ್ಕೂ ಇಲ್ಲ ಅಂದೆ. ಮುಖ ಎಲ್ಲಿದೆ ಅಂತ ಹುಡುಕೋಕಷ್ಟೇ ಕ್ಯಾಮೆರಾ, ಸದ್ದು ಬಂತಾ ಅಂತ ತಿಳಿಯೋಕಷ್ಟೇ ಮೈಕು. ಏನೂ ಉಳಿಯೋದಿಲ್ಲ, ಎಲ್ಲಿಗೂ ಹೋಗೋದಿಲ್ಲ.

ಯುಗಾದಿಗೆ ಊರಿಗೆ ಒಯ್ದು ಅಡುಗೆಮನೆಯ ಕಟ್ಟೆ ಮೇಲಿಟ್ಟೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. ಕಿವಿ ಆಡಿದ್ದಕ್ಕೆ ನಕ್ಕಳು. ಆಮೇಲೆ ಕೇಳಿದಳು:

"ಇದುಕ್ಕೇನ್ ಬೇಕು?"

"ಏನೂ ಬೇಡ ಕಣವ್ವ. ವಯರು ಹಾಕಿದರೆ ಆಯ್ತು, ಅದರ ಪಾಡಿಗೆ ಅದು ಇರುತ್ತೆ."

"ಏನೂ ಬ್ಯಾಡ್ದಿದ್ದುರ್ ತಾವ ಏನಪ್ಪಾ ಮಾತಾಡೋದು?" ಅಂದು ಹೋಳಿಗೆ ತಟ್ಟೋಕೆ ಹೋದಳು.

ಬೆಂಗಳೂರಿಗೆ ವಾಪಸ್ ಬರೋ ರೈಲಿನ ತುಂಬಾ ಇದೇ ತಲೆಯಲ್ಲಿ. 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ತಂದ ತಮಾಗೋಚಿ ನೆನಪಾಯ್ತು. ಮೊಟ್ಟೆಯಾಕಾರದ ಆಟಿಕೆ, ಹೊತ್ತಿಗೆ ಸರಿಯಾಗಿ ಊಟ ಕೊಡದಿದ್ದರೆ ಸಾಯೋದು. ಮಕ್ಕಳು ಪ್ರಾಣ ಬಿಡೋರು ಅದಕ್ಕೆ. ಹಸಿವಿನ ನಾಟಕ ಬರೆಯೋಕೆ ನನಗೆ ಮೂವತ್ತು ಸಾಲು ಕೋಡ್ ಸಾಕು. ಆದರೆ ಎಪ್ಪತ್ತರ ಹತ್ತಿರ ಇರೋ ಹೆಂಗಸಿಗೆ, ಅದೂ ನಿಜವಾದ ಹಸು ಸಾಕಿದವಳಿಗೆ, ಇಲ್ಲದ ಹಸಿವು ತೋರಿಸೋದು ನನಗೆ ಹೇಸಿಗೆ ಅನ್ನಿಸಿತು. ಪೆಟ್ಟಿಗೆಗೆ ನಿಜವಾಗಿ ಬೇಕಾದ್ದು ಒಂದೇ, ಚಾರ್ಜು. ಅದನ್ನೇ ನಾನು ವಯರಿನಲ್ಲಿ ಬಚ್ಚಿಟ್ಟಿದ್ದೆ.

ಮುಂದಿನ ಸಲ ವಯರು ತೆಗೆದು ಲಿಥಿಯಂ ಬ್ಯಾಟರಿ ಹಾಕಿದೆ. ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾಗ್ತಾ ಇಳಿಯುತ್ತೆ. ಪೈ ಬೋರ್ಡಿಗೆ ತಾನಾಗಿ ವೋಲ್ಟೇಜ್ ಅಳೆಯೋಕೆ ಬರೋದಿಲ್ಲ, ಅದಕ್ಕೊಂದು ಎ.ಡಿ.ಸಿ. ಚಿಪ್ ಸೇರಿಸಿದೆ. ವೋಲ್ಟೇಜ್ ಇಳಿದ ಹಾಗೆ ಕಿವಿ ಇಳಿಯುತ್ತೆ, ಕಣ್ಣು ಅರೆ ಮುಚ್ಚುತ್ತೆ. ಯಾರಾದರೂ ಎದ್ದು ಹೋಗಿ ಪ್ಲಗ್ ಹಾಕಲೇಬೇಕು.

"ಇದೆಂಥ ಅಪ್‌ಗ್ರೇಡ್ ರೀ, ಕೆಲಸ ಹೆಚ್ಚಿಸಿದ್ರಲ್ಲ!" ಅಂದಳು ನನ್ನ ಹೆಂಡತಿ.

ಅವ್ವ ಅದರ ಜೊತೆ ಮಾತಾಡ್ತಾಳಾ? ಕೇಳಿಲ್ಲ, ಕೇಳೋದೂ ಇಲ್ಲ. ಹೋದ ಗುರುವಾರ ಮಾತ್ರ ರಾತ್ರಿ ಒಂಬತ್ತಕ್ಕೆ ಅವಳೇ ಫೋನ್ ಮಾಡಿದಳು. ಟಿ.ಸಿ. ಸುಟ್ಟು ಎರಡು ದಿನದಿಂದ ಊರಲ್ಲಿ ಕರೆಂಟಿಲ್ಲ. ಲೈನ್‌ಮನ್ ಬಂದು ನೋಡಿ ಹೋದನಂತೆ, ಮೋಟರ್ ಓಡದೆ ತೆಂಗಿನ ಸಸಿಗೆ ನೀರಿಲ್ಲವಂತೆ, ಪಕ್ಕದ ಮನೆಯವರ ಯು.ಪಿ.ಎಸ್. ಕೂಡ ಕೈಕೊಟ್ಟಿದೆಯಂತೆ. ಎಲ್ಲಾ ಆದ ಮೇಲೆ ಕೇಳಿದಳು:

"ನಿನ್ ಪೆಟ್ಟಿಗೆ ಬೆಳಗ್ನಿಂದ ಕಿವಿ ಇಳಿಬಿಟ್ಕಂಡು ಕುಂತೈತೆ. ಟೇಸನ್ ತಾವ ಅಂಗ್ಡೀಲಿ ಜನರೇಟ್ರು ಐತೆ, ಎತ್ಕಂಡೋಗಿ ಚಾರ್ಜಿಗ್ ಹಾಕುಸ್ಕಂಬರ್ಲಾ?"