ಹೊಸ್ತಿಲ ಒಳಗಿನ ನಾಯಿ

ಕುರ್ತಕೋಟಿಯಲ್ಲಿ ನಾವು ಹುಡುಗರಾಗಿದ್ದಾಗ ನಾಯಿ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಅದರ ಜಾಗ ಕಟ್ಟೆಯ ಕೆಳಗೆ, ಬಣವೆಯ ನೆರಳಿನಲ್ಲಿ, ಇಲ್ಲವೇ ಹೊಲಕ್ಕೆ ಹೊರಟ ಚಕ್ಕಡಿಯ ಅಡಿಯಲ್ಲಿ. ಎತ್ತು ನಡೆದಷ್ಟು ದೂರ ಅದೂ ಚಕ್ಕಡಿಯ ನೆರಳು ಬಿಡದೆ ನಡೆಯುತ್ತಿತ್ತು. ಸಾಕಿದ ನಾಯಿ ಎಂದು ಹೇಳಿಕೊಂಡರೂ ನಮ್ಮಿಂದ ಅದಕ್ಕೆ ಸಲ್ಲುತ್ತಿದ್ದುದು ಎರಡು ಹೊತ್ತಿನ ರೊಟ್ಟಿ ಮಾತ್ರ. ಅವ್ವ ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಿತ್ತಲ ಕಲ್ಲಿನ ಮೇಲೆ ಹಾಕುತ್ತಿದ್ದಳು. ಮಜ್ಜಿಗೆ ಇಲ್ಲದ ದಿನ ಸಾರಿನ ತಿಳಿ. ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತಿತ್ತು. ಶೇಂಗಾ ಹೊಲಕ್ಕೆ ಇಳಿದ ಹಂದಿಯನ್ನು ಬೆನ್ನಟ್ಟುತ್ತಿತ್ತು, ಕಡಲೆ ಹೊಲದಿಂದ ಚಿಗರಿ ಹಿಂಡನ್ನು ಎಬ್ಬಿಸುತ್ತಿತ್ತು, ರಾತ್ರಿ ಕಣದಲ್ಲಿ ಅಪ್ಪನ ಜೊತೆ ಮಲಗುತ್ತಿತ್ತು.

ನಾಯಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ನಿಲ್ಲಿಸಿದಾಗ, ಕುರುಬರ ನಾಯಿ ಮರಿ ಹಾಕಿದ್ದರೆ ಒಂದನ್ನು ಕೇಳಿ ತರುತ್ತಿದ್ದೆವು. ತೋಳಕ್ಕೆ ಹೆದರದ ತಾಯಿಯ ಮರಿ ಎಂಬುದೇ ಅದರ ಜಾತಿ, ಅದೇ ಬೆಲೆ. ನಮ್ಮ ಸೀಮೆಯಲ್ಲಿ ಹೆಸರು ಮಾಡಿದ ಮುಧೋಳದ ನಾಯಿಯೂ ಬೇಟೆಗೆಂದು ಬೆಳೆದದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ತಂದಿತು, ಆಮೇಲೆ ಸೈನ್ಯವೂ ತರಬೇತಿಗೆ ಒಯ್ದಿತು. ದೇವರಗುಡ್ಡ, ಮೈಲಾರಗಳಲ್ಲಿ ಮೈಲಾರಲಿಂಗನ ಭಕ್ತರಾದ ಗೊರವಯ್ಯಗಳು ಅವನ ನಾಯಿಗಳಾಗಿ ಬೊಗಳುತ್ತಾರೆ, ದೋಣಿ ಎಂಬ ಬಟ್ಟಲಿಗೆ ಹಾಕಿದ್ದನ್ನು ಬಾಯಿಂದಲೇ ಉಣ್ಣುತ್ತಾರೆ. ನಾಯಿಗೆ ದೇವರ ಹತ್ತಿರ ಜಾಗವಿತ್ತು, ನಮ್ಮ ಪಡಸಾಲೆಯಲ್ಲಿ ಇರಲಿಲ್ಲ.

ಆಗಿನ ನಾಯಿಗಳು ಗಟ್ಟಿಮುಟ್ಟಾಗಿದ್ದವು, ಔಷಧ ಗೀಷಧ ಬೇಕಿರಲಿಲ್ಲ ಎಂದು ನನ್ನ ವಾರಿಗೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದವು ಬದುಕಿ ಉಳಿದವು. ಒಂದು ಸೂಲಿನ ಮರಿಗಳಲ್ಲಿ ಮಳೆಗಾಲ ದಾಟುತ್ತಿದ್ದವು ಒಂದೋ ಎರಡೋ. ಹೆಣ್ಣು ಮರಿಗಳನ್ನು ಊರ ಹೊರಗೆ ಬಿಟ್ಟು ಬರುವುದು ವಾಡಿಕೆಯಾಗಿತ್ತು. ರಕ್ತಭೇದಿ ಹತ್ತಿದ ಮರಿ ಎರಡು ದಿನದಲ್ಲಿ ಸಾಯುತ್ತಿತ್ತು. ಪಾರ್ವೊ ಎಂಬ ವೈರಸ್ಸಿನ ಹೆಸರು, ಅದಕ್ಕೊಂದು ಲಸಿಕೆ ಇರುವ ಸಂಗತಿ ನಮ್ಮ ಕಿವಿಗೆ ಬಿದ್ದದ್ದು ಬಹಳ ತಡವಾಗಿ. ಕಜ್ಜಿಗೆ ಇಂಜಿನ್ನಿನ ಸುಟ್ಟ ಎಣ್ಣೆ ಬಳಿಯುತ್ತಿದ್ದರು. ಹುಚ್ಚು ಹಿಡಿದಿದೆ ಎಂಬ ಅನುಮಾನ ಬಂದರೆ ಓಣಿಯವರು ಬಡಿಗೆ ಹಿಡಿದು ಹೊರಡುತ್ತಿದ್ದರು. ಕಡಿಸಿಕೊಂಡವರ ಗಾಯಕ್ಕೆ ಮೊದಲು ಖಾರದಪುಡಿ, ಸುಣ್ಣ. ಆಮೇಲೆ ಗದಗಿನ ಆಸ್ಪತ್ರೆಯಲ್ಲಿ ಹೊಕ್ಕಳ ಸುತ್ತ 14 ಸೂಜಿ. ನಮ್ಮ ಓಣಿಯ ಹುಡುಗನೊಬ್ಬ ಬಸ್ಸಿಳಿದು ಬಂದು ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದ, ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿದ್ದು 2004ರ ಕೊನೆಗೆ. ಈಗ ತೋಳಿಗೆ ನಾಲ್ಕೈದು ಸಲ ಹಾಕಿದರೆ ಮುಗಿಯಿತು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂದು ಸಾಲಿ ಮಕ್ಕಳೂ ಹೇಳುತ್ತಾರೆ. ಆ ಕಾಲವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಮಡಿಲಲ್ಲಿ ಕೂಡುವಂಥ ನಾಯಿಯನ್ನು ನಾವು ಮೊದಲು ನೋಡಿದ್ದು ಗದಗಿನಲ್ಲಿ, ಸರ್ಕಾರಿ ಕ್ವಾರ್ಟರ್ಸಿನ ಗೇಟಿನ ಒಳಗೆ: ಬಿಳಿ ಪಮೇರಿಯನ್. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಬಂದ ಮೇಲೆ ಆ ಸಿನಿಮಾದ ನಾಯಿ ಟಫಿಯಂಥದೇ ಬೇಕೆಂದು ಮಕ್ಕಳು ಹಟ ಹಿಡಿದರು. ಪಮೇರಿಯನ್ ಎಂದು ಜನ ಕೊಂಡದ್ದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ತಲೆಮಾರುಗಳಿಂದ ನಮ್ಮ ಬಿಸಿಲಿಗೆ ಒಗ್ಗಿದ ತಳಿಯಾದ್ದರಿಂದ ತಾಳಿಕೊಂಡಿತು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನ ಹುಡುಗನ ಹಿಂದೆ ಪಗ್ ನಡೆದು ಬಂತು. ಈಗ ಶಿಹ್ ತ್ಸು ಬಂದಿದೆ. ಟಿಬೆಟ್ಟಿನ ಮೂಲದ್ದು, ಚೀನಾದ ಅರಮನೆಯಲ್ಲಿ ಬೆಳೆದದ್ದು, ಕೂದಲು ಬೆಳೆಯುತ್ತಲೇ ಇರುತ್ತದೆ, ಮೂಗು ಮುಖದೊಳಗೆ ಅಡಗಿದೆ.

ತಮ್ಮನ ಮಗಳು ಹುಬ್ಬಳ್ಳಿಯಿಂದ ತಂದ ಶಿಹ್ ತ್ಸು ಮರಿಯ ಹೆಸರು ಮಿಂಟು. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಅದು ಕಾಲು ನಡುಗಿಸುತ್ತ ಒಂದು ಮಗ್ಗುಲಿಗೆ ವಾಲಿತು. ರಾತ್ರಿ ಉಂಡಿರಲಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಶಕ್ತಿ ಇರುವುದಿಲ್ಲ. ಒಂದು ಹೊತ್ತು ತಪ್ಪಿದರೂ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಗದಗಿನ ಪಶುವೈದ್ಯರು ಫೋನಿನಲ್ಲಿ ಹೇಳಿದಂತೆ ಅವ್ವ ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ಅದರ ಒಸಡಿಗೆ ತಿಕ್ಕಿದಳು, ಮರಿ ಚೇತರಿಸಿಕೊಂಡಿತು. ಮೂರು ತಿಂಗಳು ತುಂಬುವವರೆಗೆ ದಿನಕ್ಕೆ ನಾಲ್ಕು ಸಲ ಉಣ್ಣಿಸಿದ್ದೂ ಅವಳೇ. ಮಾರಿದವರು ಹೇಳಿದ್ದಕ್ಕಿಂತ ಮರಿ ಎಳೆಯದು ಎಂದು ಹಲ್ಲು ನೋಡಿದ ವೈದ್ಯರು ಹೇಳಿದರು. ಎಂಟು ವಾರದ ಒಳಗಿನ ಮರಿಯನ್ನು ಮಾರಕೂಡದು, ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕು ಎಂದು 2017ರ ಕೇಂದ್ರ ನಿಯಮವಿದೆ. ನೋಂದಣಿ ಕಾಗದ ತೋರಿಸಿ ಎಂದು ಕೇಳುವ ಗಿರಾಕಿಗಳು ಹುಟ್ಟದ ಹೊರತು ಎಳೆ ಮರಿಗಳ ಮಾರಾಟ ನಿಲ್ಲದು.

ಊಟದ ಮಾತು ಇನ್ನೂ ಕಠಿಣ. ಗದಗ ಜಿಲ್ಲೆ ಉಳ್ಳಾಗಡ್ಡಿ ಬೆಳೆಯುವ ಸೀಮೆ. ನಮ್ಮ ಪಲ್ಯ, ಝುಣಕ ಯಾವುದೂ ಅದಿಲ್ಲದೆ ಆಗುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಬೆಳ್ಳುಳ್ಳಿ. ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮೈತೂಕದ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ಕೇಡು. 20 ಕಿಲೋ ತೂಗುವ ಹೊಲದ ನಾಯಿಗೆ ಸಾರಿನ ತಿಳಿಯಲ್ಲಿದ್ದ ಚೂರುಪಾರು ಬಾಧಿಸುತ್ತಿರಲಿಲ್ಲ. 5 ಕಿಲೋದ ಮಿಂಟುಗೆ ಒಂದು ದಪ್ಪ ಗಡ್ಡೆ ಸಾಕು. ನಮ್ಮ ಮನೆಯಲ್ಲಿ ಮಾಂಸ, ತತ್ತಿ ಬಳಸುವುದಿಲ್ಲ. ಬರೀ ಅನ್ನ ಮೊಸರಿನಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಸಿಗುವುದಿಲ್ಲ. ಹೀಗಾಗಿ ಅಂಗಡಿಯ ಪಾಕೀಟು, ಅದನ್ನು ಅಳೆದು ಹಾಕಲು ಒಂದು ಬಟ್ಟಲು. ಪಂಕ್ತಿಯಲ್ಲಿ ಕೂತ ನೆಂಟರು ಮಿಂಟು ಕಡೆ ತುತ್ತು ಚಾಚಿದರೆ ತಮ್ಮನ ಹೆಂಡತಿ ಸಂಕೋಚವಿಲ್ಲದೆ ತಡೆಯುತ್ತಾಳೆ. ತಡೆಯಲೇಬೇಕು.

ಬೇಸಿಗೆಯಲ್ಲಿ ನಿಜವಾದ ಕಷ್ಟ. ನಮ್ಮ ಹಳೆಯ ಮಾಳಿಗೆ ಮನೆಯ ಮಣ್ಣಿನ ಗೋಡೆ ಮೊಳ ದಪ್ಪವಿತ್ತು, ಏಪ್ರಿಲ್ ಮಧ್ಯಾಹ್ನದಲ್ಲೂ ನಡುಮನೆ ತಣ್ಣಗಿರುತ್ತಿತ್ತು. ಆ ತಂಪಿಗೆ ನಾಯಿಯನ್ನು ನಾವು ಬಿಟ್ಟುಕೊಳ್ಳಲಿಲ್ಲ. ಈಗ ಆರ್‌ಸಿಸಿ ಮನೆ, ರಾತ್ರಿ ಹತ್ತಾದರೂ ಸ್ಲ್ಯಾಬಿನ ಕಾವು ಇಳಿಯುವುದಿಲ್ಲ. ಅದರಡಿ ಉಣ್ಣೆಯಂಥ ಕೂದಲಿನ ನಾಯಿ. ನಾಯಿ ಮೈಯೆಲ್ಲ ಬೆವರುವುದಿಲ್ಲ, ತೇಕಿ ನಾಲಗೆಯಿಂದಲೇ ಕಾವು ಹೊರಹಾಕಬೇಕು. ಮೋಟು ಮೂಗಿನದಕ್ಕೆ ಆ ದಾರಿಯೂ ಇಕ್ಕಟ್ಟು. ಮೈಯ ಕಾವು 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜೀವಕ್ಕೆ ಅಪಾಯ. ತಿರುಗಾಡಿಸುವುದು ಸೂರ್ಯ ಏರುವ ಮೊದಲು, ಇಲ್ಲವೇ ಮುಳುಗಿದ ಮೇಲೆ. ಕೂದಲನ್ನು ಮೋಟಾಗಿ ಕತ್ತರಿಸುತ್ತಾರೆ, ಚರ್ಮ ಸುಡದಿರಲಿ ಎಂದು ಪೂರಾ ಬೋಳಿಸುವುದಿಲ್ಲ. ಗಂಟಲು ಗೊರಗೊರ ಅಂದರೆ ಹೊಟ್ಟೆಗೆ, ಪಾದಕ್ಕೆ ತಣ್ಣೀರಿನ ಅರಿವೆ ಒತ್ತಿ ಫ್ಯಾನಿನ ಕೆಳಗೆ ಮಲಗಿಸುತ್ತಾರೆ, ಬರ್ಫ ಹಾಕುವುದಿಲ್ಲ.

ಸಂಜೆ ಅವ್ವ ಬಾಗಿಲ ಬೆಳಕಿಗೆ ಚಾಪೆ ಹಾಕಿಕೊಂಡು ಕೂಡುತ್ತಾಳೆ. ದೀಪಕ್ಕೆ ಬತ್ತಿ ಹೊಸೆಯುವ ಹತ್ತಿಯಲ್ಲೇ ಒಂದಿಷ್ಟು ಹಿಂಜಿ, ಕಾಸಿ ಆರಿಸಿದ ನೀರಿನಲ್ಲಿ ಅದ್ದಿ, ಮಿಂಟುವಿನ ಉಬ್ಬುಗಣ್ಣುಗಳ ಮೂಲೆಯ ಪಿಚ್ಚನ್ನು ಮೂಗಿನಿಂದ ಹೊರಕ್ಕೆ ಒರೆಸುತ್ತಾಳೆ. ಒಂದು ಕಣ್ಣಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ಆಮೇಲೆ ಕಬ್ಬಿಣದ ಹಣಿಗೆ. ಗಂಟು ಸಿಕ್ಕಲ್ಲಿ ಬುಡವನ್ನು ಎರಡು ಬೆರಳಿನಿಂದ ಹಿಡಿದು ತುದಿಯಿಂದ ಬಿಡಿಸುತ್ತಾಳೆ. ಕಿವಿಯ ಮಡಿಕೆ, ಬೆರಳ ಸಂದುಗಳಲ್ಲಿ ಉಣ್ಣೆ ಹುಡುಕುತ್ತಾಳೆ. ಎಮ್ಮೆ ಆಕಳುಗಳ ಉಣ್ಣೆ ತೆಗೆದ ಕೈ ಅದು, ತಡವರಿಸುವುದಿಲ್ಲ. ಉಣ್ಣೆಯಿಂದ ಬರುವ ಜ್ವರ ನಾಯಿಯ ರಕ್ತ ಬತ್ತಿಸುತ್ತದೆಂದು ಗದಗಿನ ವೈದ್ಯರು ಹೇಳಿದ್ದು ಅವಳಿಗೆ ಹೊಸ ಮಾತಾಗಲಿಲ್ಲ. ತರಬೇಕೆಂದ ಮೊಮ್ಮಗಳು ಈಗ ಬೆಂಗಳೂರಿನಲ್ಲಿ ಓದುತ್ತಾಳೆ, ವಿಡಿಯೊ ಕಾಲಿನಲ್ಲಿ ನಾಯಿಯನ್ನು ಮಾತಾಡಿಸುತ್ತಾಳೆ. ಮುದ್ದು ಒಬ್ಬರದು, ದುಡಿಮೆ ಇನ್ನೊಬ್ಬರದು. ಇಂಥ ನಾಯಿ ಇರುವ ಬಹಳ ಮನೆಗಳ ಲೆಕ್ಕ ಹೀಗೇ ಇದೆ, ಆ ದುಡಿಮೆಯ ಹೆಚ್ಚಿನ ಪಾಲು ಮನೆಯ ಹೆಂಗಸರದು.

ಹೋದ ವರ್ಷ ಹುಲಕೋಟಿಯಿಂದ ಬಂದ ನೆಂಟನೊಬ್ಬ ಮಿಂಟುವನ್ನು ನೋಡಿ, ತನ್ನ ಮಕ್ಕಳಿಗೂ ಇಂಥದೇ ಕೊಡಿಸುತ್ತೇನೆ ಅಂದ. ಅವ್ವ ಕೇಳಿದಳು:

"ಹಗಲೊತ್ತು ಮನ್ಯಾಗ ಯಾರ ಇರ್ತೀರಿ?"

"ಹುಡುಗ್ರು ಸಾಲಿಗೆ ಹೊಕ್ಕಾವು, ನಾವಿಬ್ರೂ ಕೆಲಸಕ್ಕ, ದೊಡ್ಡವ್ವಾ."

"ಹಂಗಾರ ಇಂಥಾದ್ದು ಬ್ಯಾಡಪಾ. ಇದಕ್ಕ ಮಂದಿ ಬೇಕು."

ಅವನು ಕಡೆಗೆ ತನ್ನ ಓಣಿಯದೇ ಒಂದು ಕಂದು ಹೆಣ್ಣು ಮರಿಯನ್ನು ಮನೆಗೆ ತಂದ. ಕಟ್ಟೆಯ ಮೇಲೂ ಮಲಗುತ್ತದೆ, ಬಿಸಿಲಾದರೆ ಒಳಗೂ ಬರುತ್ತದೆ. ಓಣಿಯ ಮರಿಗೂ ಮೂರು ತಿಂಗಳಿಗೆ ರೇಬೀಸ್ ಸೂಜಿ ಹಾಕಿಸಬೇಕು, ವರ್ಷ ವರ್ಷ ಮತ್ತೆ ಹಾಕಿಸಬೇಕು, ಮರಿ ಆಗದಂತೆ ಆಪರೇಷನ್ನನ್ನೂ ಮಾಡಿಸಬೇಕು ಎಂದು ಅವ್ವ ಫೋನಿನಲ್ಲಿ ಹೇಳಿದಳು. ಗದಗಿನಲ್ಲಿ ಈಗ ಪಶುವೈದ್ಯಕೀಯ ಕಾಲೇಜೇ ಇದೆ. ಸೆಪ್ಟೆಂಬರ್ 28ರ ರೇಬೀಸ್ ದಿನ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ, ಅವತ್ತು ಸಾಲಿ ಬಿಡಿಸಿಯಾದರೂ ಮಕ್ಕಳ ಕೈಲೇ ಮರಿಯನ್ನು ಒಯ್ಯಿಸು ಎಂದೂ ಹೇಳಿದಳು.