ಓಬವ್ವನಿಗೆ ಮೊದಲಿನ ಜಯಂತಿ

ಹಿರಿಯೂರು ದಾಟಿ ಅರ್ಧ ಗಂಟೆಯಾಗುವಷ್ಟರಲ್ಲಿ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣಿಸಿಕೊಂಡವು. ಪಕ್ಕದ ಸೀಟಿನ ಅಜ್ಜಿ, "ದುರ್ಗ ಬಂತು ಕಣವ್ವ, ಬ್ಯಾಗು ಎತ್ಕೋ" ಎಂದು ಎಬ್ಬಿಸಿದರು. ಯಾಕೆ ಬಂದೆ ಎಂದು ಕೇಳಿದ್ದರೆ ನಟಿ ಜಯಂತಿಯವರನ್ನು ಹುಡುಕಿಕೊಂಡು ಎನ್ನಬೇಕಿತ್ತು. ಪುಣ್ಯಕ್ಕೆ ಕೇಳಲಿಲ್ಲ.

2021ರ ಜುಲೈನಲ್ಲಿ ಜಯಂತಿ ತೀರಿಕೊಂಡಾಗ ನನ್ನ ಕಣ್ಣಿಗೆ ಬಿದ್ದ ನೆನಪುಗಳಲ್ಲೆಲ್ಲ ಎರಡೇ ಚಿತ್ರ. ಒಂದು, 'ನಾಗರಹಾವು' ಚಿತ್ರದ ಒನಕೆ ಹಿಡಿದ ಓಬವ್ವ. ಇನ್ನೊಂದು, 'ಮಿಸ್ ಲೀಲಾವತಿ'ಯ ಈಜುಡುಗೆ. ಓಬವ್ವನ ಪಾತ್ರ ಬಂದದ್ದು 1972ರ ಕೊನೆಗೆ. ಅಷ್ಟು ಹೊತ್ತಿಗೆ ಅವರು ಕನ್ನಡ ಚಿತ್ರರಂಗಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷಗಳ ಜಾಡು ಹಿಡಿದು ಹೊರಟರೆ ದಾರಿ ಚಿತ್ರದುರ್ಗದ ಕಡೆಗೇ ತಿರುಗುತ್ತದೆ. ಅದಕ್ಕೆ ಕಾರಣ ದುರ್ಗದ ಕಾದಂಬರಿಕಾರ ತ.ರಾ.ಸು.

ಕೋಟೆಯ ಬಾಗಿಲಲ್ಲಿ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು, ಕೋತಿಗಳ ಕಣ್ಣು ತಪ್ಪಿಸಿ ತಿನ್ನುತ್ತಾ ಒಳಗೆ ಹೋದೆ. ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಓಬವ್ವನ ಕಿಂಡಿಯ ಹತ್ತಿರ ಬಂದ ಕೂಡಲೇ ಅವನ ದನಿಯೇ ಬದಲಾಯಿತು. "ತಲೆ ಬಗ್ಸಿ ಬನ್ನಿ ಅಕ್ಕಾ, ಹೈದರಾಲಿ ಸೈನಿಕರೂ ಹಿಂಗೇ ಬಂದಿದ್ದು." ಎರಡು ಬಂಡೆಗಳ ನಡುವಿನ ಸಂದು ಅದು. ಒಬ್ಬರ ಹಿಂದೆ ಒಬ್ಬರು ಮೈ ಮುದುರಿಕೊಂಡೇ ನುಸುಳಬೇಕು. ಬರುವವರಿಗೆ ಮೊದಲು ಹೊರಗಿಡಲು ಸಿಗುವುದು ತಲೆಯೇ. ಕೈಯೂರಿ ಕೈಯೂರಿ ಕಲ್ಲಿನ ಅಂಚು ಎಣ್ಣೆ ಹಚ್ಚಿದಷ್ಟು ನುಣುಪಾಗಿದೆ. ಪಕ್ಕದಲ್ಲೇ ತಣ್ಣೀರು ದೋಣಿ. ಕಹಳೆಯ ಮುದ್ದಹನುಮಪ್ಪ ಊಟಕ್ಕೆ ಕೂತಿದ್ದಾಗ ಅವನ ಹೆಂಡತಿ ಓಬವ್ವ ನೀರಿಗೆಂದು ಬಂದದ್ದು ಇಲ್ಲಿಗೇ, ಕಿಂಡಿಯಲ್ಲಿ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದು ಕೊಂದಳು ಎನ್ನುತ್ತಾರೆ.

ಕಾಲೇಜು ಹುಡುಗಿಯೊಬ್ಬಳು ದುಪಟ್ಟಾ ಸೊಂಟಕ್ಕೆ ಬಿಗಿದು, ಸೆಲ್ಫಿ ಕೋಲನ್ನೇ ಒನಕೆ ಮಾಡಿಕೊಂಡು ಕಿಂಡಿಯ ಪಕ್ಕ ಓರೆಯಾಗಿ ನಿಂತಳು. ಗೆಳತಿಯರು ಫೋಟೊ ತೆಗೆದರು. ನನಗೆ ನಗು ಬಂತು, ಜತೆಗೇ ಮೈ ಜುಮ್ಮೆಂದಿತು. ಓಬವ್ವ ಹೇಗಿದ್ದಳೆಂದು ಕಂಡವರು ಯಾರೂ ಇಲ್ಲ. ಈ ಹುಡುಗಿ ನಿಂತದ್ದು ಜಯಂತಿ ನಿಂತ ಹಾಗೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಚಿತ್ರದಲ್ಲಿ ಅವರಿಗೆ ಕೊಟ್ಟದ್ದು ಒಂದೇ ಹಾಡಿನ ಅತಿಥಿ ಪಾತ್ರ, ಇಡೀ ಊರು ಆ ಭಂಗಿಯನ್ನು ಇಟ್ಟುಕೊಂಡುಬಿಟ್ಟಿದೆ.

"ಜಯಂತಿಯವರ ಬೇರೆ ಯಾವ ಸಿನಿಮಾ ನೋಡಿದ್ದೀಯಪ್ಪಾ?" ಎಂದು ಗೈಡ್‌ನನ್ನು ಕೇಳಿದೆ.

"ಅವ್ರು ಓಬವ್ವ ಅಲ್ವಾ ಅಕ್ಕಾ" ಎಂದ.

ಬಳ್ಳಾರಿಯಲ್ಲಿ ಹುಟ್ಟಿದ ಕಮಲಕುಮಾರಿ 1963ರಲ್ಲಿ ವೈ.ಆರ್. ಸ್ವಾಮಿಯವರ 'ಜೇನುಗೂಡು' ಮೂಲಕ ಜಯಂತಿಯಾದರು. ಮರುವರ್ಷವೇ ತ.ರಾ.ಸು. ಕಾದಂಬರಿಯ 'ಚಂದವಳ್ಳಿಯ ತೋಟ'. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ರಾಜ್‌ಕುಮಾರ್, ಉದಯಕುಮಾರ್ ಜತೆ ನಟನೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ರಜತ ಪದಕ ಬಂತು. 1965ರಲ್ಲಿ 'ಮಿಸ್ ಲೀಲಾವತಿ'. ಕುವೆಂಪು ಅವರ ದೋಣಿ ಹಾಡು ಇರುವುದೂ ಅದರಲ್ಲೇ, ಈಜುಡುಗೆಯ ಗದ್ದಲದಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. 1967ರಲ್ಲಿ ಮತ್ತೆ ತ.ರಾ.ಸು. ಕತೆ, 'ಚಕ್ರತೀರ್ಥ'. ಅಂದರೆ ಒನಕೆ ಕೈಗೆ ಬರುವ ಮೊದಲೇ ದುರ್ಗದ ಕಾದಂಬರಿಕಾರನ ಲೋಕದಲ್ಲಿ ಈಕೆ ಎರಡು ಸಲ ಓಡಾಡಿ ಬಂದಿದ್ದರು.

ಓಬವ್ವನ ದೃಶ್ಯದಲ್ಲಿ ಕತೆ ಹೇಳುವುದು ಪಿ.ಬಿ. ಶ್ರೀನಿವಾಸ್ ಕಂಠ. ಜಯಂತಿಯವರ ದನಿ ಬೇಕೆಂದರೆ ಕಪ್ಪು ಬಿಳುಪಿನ ಕಾಲಕ್ಕೇ ಹೋಗಬೇಕು. ಎಳೆಯದಾದ, ಸ್ವಲ್ಪ ತೊದಲಿದಂತೆ ಕೇಳುವ ಆ ಮಾತಿನ ಧಾಟಿಯನ್ನು ಅನುಕರಿಸಿ ನಕ್ಕವರು ಬಹಳ. ನನ್ನ ಮಟ್ಟಿಗೆ ಅವರ ನಟನೆಯ ಅರ್ಧ ಬಲ ಅದರಲ್ಲೇ ಇತ್ತು. ಆ ಮೃದು ದನಿಯ ಹೆಣ್ಣು ಹಟ ಹಿಡಿದರೆ ಎದುರಿಗಿದ್ದವರು ಬೆಚ್ಚುತ್ತಿದ್ದರು.

ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತಿಂದು ಆಟೊ ಹಿಡಿದು ಚಂದ್ರವಳ್ಳಿಗೆ ಹೋದೆ. ಕೆರೆ, ತೋಟ, ಬಂಡೆಗಳಡಿಯ ಅಂಕಲಿ ಮಠದ ಗುಹೆ. ಟಾರ್ಚ್ ಹಿಡಿದು ಇಳಿದವರೆಲ್ಲ ಪಿಸುಮಾತಿಗೆ ಇಳಿಯುತ್ತಾರೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಮಾಡಿಸಿದರು, 1947ರಲ್ಲಿ ಅದೇ ಕೆಲಸಕ್ಕೆ ವೀಲರ್ ಬಂದರು. ಸಾತವಾಹನ ನಾಣ್ಯ, ರೋಮನ್ ನಾಣ್ಯಗಳ ಜತೆ ಚೀನಾದ ನಾಣ್ಯವೊಂದೂ ಇಲ್ಲಿ ಸಿಕ್ಕಿದ್ದು ದಾಖಲಾಗಿದೆ. ಅದು ನೆನಪಾದ ಮೇಲೆ ಶಾಂಘೈ ನಟಿ ರುವಾನ್ ಲಿಂಗ್ಯು ನೆನಪಾಗದೆ ಇರಲಿಲ್ಲ. 1935ರಲ್ಲಿ ಇಪ್ಪತ್ತನಾಲ್ಕಕ್ಕೇ ಹೋದವಳು. ಆಕೆಯ 1931ರ 'ಲವ್ ಅಂಡ್ ಡ್ಯೂಟಿ' ಕಳೆದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ದಶಕಗಳ ನಂತರ ಅದರ ಪ್ರತಿ ಪತ್ತೆಯಾದದ್ದು ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ! ತೈಪೆಯವರು ಅದನ್ನು ಶುಚಿಗೊಳಿಸಿ ಉಳಿಸಿಕೊಂಡರು. ನಮ್ಮಲ್ಲಿ 'ನಾಗರಹಾವು' 2018ರಲ್ಲಿ ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮತ್ತೆ ತೆರೆಗೆ ಬಂತು, ಜನ ಸೀಟಿ ಹೊಡೆದು ನೋಡಿದರು. ಜಯಂತಿಯವರ ಕಪ್ಪು ಬಿಳುಪಿನ ಚಿತ್ರಗಳಿಗೆ ಅಂಥ ಯೋಗ ಕಡಿಮೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೊರಡುವ ಮುನ್ನ ತ.ರಾ.ಸು. ರಂಗಮಂದಿರದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಲೇಖಕನ ಹೆಸರಿನ ಸಭಾಂಗಣ ಇಲ್ಲಿದೆ, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಅಶೋಕ್ ಗುಡಿಗಾರ್ ಕೆತ್ತಿದ ಓಬವ್ವನ ಪ್ರತಿಮೆ ಇದೆ. ನವೆಂಬರ್ 11ಕ್ಕೆ ಸರ್ಕಾರ ಓಬವ್ವ ಜಯಂತಿ ಮಾಡುತ್ತದೆ. ದುರ್ಗದವರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಲ ಭಾಷಣಗಳನ್ನು ಒಂದಿಷ್ಟು ಕಡಿಮೆ ಮಾಡಿ, ಆ ಸಭಾಂಗಣದಲ್ಲಿ 'ಚಂದವಳ್ಳಿಯ ತೋಟ' ಮತ್ತು 'ಚಕ್ರತೀರ್ಥ' ತೋರಿಸಿ. ಆ ಗೈಡ್ ಹುಡುಗನನ್ನೂ ಕರೆಯಿರಿ. ಓಬವ್ವನ ಹಾಡು ಹಾಕದಿದ್ದರೂ ನಡೆಯುತ್ತದೆ, ಅದು ಹೇಗೂ ಊರಿಗೆಲ್ಲ ಬಾಯಿಪಾಠ.